ಕುಮಟೆಯ ಗ್ರೀಕ್ ನಾಟಕದಲ್ಲಿ ಅವಳು ಕೇಳಿದ್ದು

ಆ ಸಂಜೆ ಅವಳು ತಮ್ಮನ ಹೆಸರು ಹಿಡಿದು ಕೇಳಿದಳೋ, ‘ನನ್ನ ತಮ್ಮ’ ಎಂದಷ್ಟೇ ಅಂದಳೋ, ಖಚಿತವಾಗಿ ಹೇಳಲಾರೆ. ಹೆಸರು ಕೇಳಿಸಿದ ಹಾಗೆ ನೆನಪು. ಆದರೆ ಆಮೇಲೆ ಅದೇ ಹೆಸರನ್ನು ನಾನೇ ಎಷ್ಟೋ ಕಡೆ ಹೇಳಿ ವಿಚಾರಿಸಿದ್ದೇನೆ. ನೆನಪು ಅದನ್ನು ಆ ಸಂಜೆಗೆ ತಾನಾಗಿ ಸೇರಿಸಿಕೊಂಡಿರಬಹುದು.

ಎರಡು ಸಾವಿರದ ಇಸವಿಯ ಆಸುಪಾಸು. ಧಾರವಾಡದಲ್ಲಿ ಎಂ.ಎ. ಮುಗಿಸಿ ಕುಮಟೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ಹವ್ಯಾಸಿ ತಂಡಕ್ಕಾಗಿ ಹಳೆಯ ಗ್ರೀಕ್ ದುರಂತ ನಾಟಕವನ್ನು ಕನ್ನಡಕ್ಕೆ ತಂದಿದ್ದೆ. ಅಣ್ಣನ ಹೆಣ ಹೂಳಬಾರದೆಂದು ರಾಜನ ಆಜ್ಞೆ; ತಂಗಿ ಅದನ್ನು ಮೀರಿ ಮಣ್ಣು ಹಾಕುತ್ತಾಳೆ. ತಂಗಿಯ ಪಾತ್ರಕ್ಕೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಿದ್ದಿ ಹೆಂಗಸು ಬಂದಳು. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು. ಅವಳು ಹುಟ್ಟಿದ್ದು ಯಲ್ಲಾಪುರದ ಕಡೆ. ಆದರೂ ಪೇಟೆಯಲ್ಲಿ ಜನ ಅವಳಿಗೆ ಯಾವ ದೇಶ ಎಂದು ಕೇಳುತ್ತಿದ್ದರು.

‘ರಕ್ಕಸಿ ವೇಷ ಆಗಿದ್ರೆ ಬಣ್ಣದ ಖರ್ಚೇ ಇರ್ಲಿಲ್ಲ’ ಎಂದ ಬಣ್ಣ ಹಚ್ಚುವವ.

‘ಸರಿಯಾಗಿ ಹಚ್ಚು ಮಾರಾಯ. ರಾಜನ ಮನೆ ಹುಡ್ಗಿ ನಾನು’ ಎಂದಳು.

ಅವಳ ತಮ್ಮ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ದೋಣಿಗಳಿಂದ ಮೀನು ಇಳಿಸುತ್ತಿದ್ದ. ನಾಟಕಕ್ಕೆ ನಾಲ್ಕು ದಿನ ಮುಂಚೆ ಅಲ್ಲಿ ದೋಣಿಯ ಎಂಜಿನ್ ಕಳುವಾಯಿತು. ಕತ್ತಲಲ್ಲಿ ಓಡಿದವನು ಕಪ್ಪಗಿದ್ದ ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು, ಪೊಲೀಸರು ಅವನೊಬ್ಬನನ್ನೇ ಕರೆದೊಯ್ದರು. ಅವಳು ಹೊನ್ನಾವರ, ಭಟ್ಕಳ ಎಂದು ಬಸ್ಸು ಹತ್ತಿ ಇಳಿದಳು. ಅವನನ್ನು ಎಲ್ಲಿಟ್ಟಿದ್ದಾರೆಂದು ಯಾರೂ ಹೇಳಲಿಲ್ಲ.

ನಾಟಕಕ್ಕೆ ಪೊಲೀಸ್ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ‘ಸರ್, ಆಟ ಮುಗದ್ಮೇಲೆ ಸಾಹೇಬ್ರ ಹತ್ರ ಕೇಳ್ತೆ’ ಎಂದಿದ್ದಳು. ಆದರೆ ನಾಟಕದ ನಡುವೆಯೇ ಜೀಪಿನ ಚಾಲಕ ಬಂದು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ, ಅವರು ಟೋಪಿ ಎತ್ತಿಕೊಂಡರು. ಅವಳು ರಾಜನಿಗೆ ಬೆನ್ನು ಹಾಕಿ ವೇದಿಕೆಯ ಅಂಚಿಗೆ ಬಂದಳು.

‘ಸಾಹೇಬ್ರೆ, ನಾಲ್ಕು ದಿನ ಆತು. ನನ್ನ ತಮ್ಮನ್ನ ಯಾವ ಸ್ಟೇಶನ್ನಲ್ಲಿ ಇಟ್ಟೀರಿ? ಅಷ್ಟು ಹೇಳಿ ಸಾಕು. ಗಂಜಿ ತಕಂಡು ಹೋಗ್ತೆ.’

ರಾಜನ ಪಾತ್ರ ಮಾಡಿದವರು ಹಿರೇಗುತ್ತಿಯ ನಿವೃತ್ತ ಮಾಸ್ತರರು, ತಾಳಮದ್ದಲೆಯಲ್ಲಿ ಪಳಗಿದವರು. ತಾಳಮದ್ದಲೆಯಲ್ಲಿ ಮಾತು ಬರೆದುಕೊಟ್ಟಿರುವುದಿಲ್ಲ. ಎದುರಿನವರು ಹೊಸ ಮಾತು ಎತ್ತಿದರೆ ಆ ಕ್ಷಣಕ್ಕೇ ಪಾತ್ರದೊಳಗಿಂದ ಉತ್ತರ ಕೊಡಬೇಕು. ನಮ್ಮ ಕಡೆಯ ಪ್ರೇಕ್ಷಕರೂ ಅದಕ್ಕಾಗಿಯೇ ಕಾಯುತ್ತಾರೆ. ಅವಳು ತಮಗೆ ಸವಾಲೆಸೆದಳೆಂದೇ ಮಾಸ್ತರರು ತಿಳಿದರು.

‘ಎಲೌ ತರುಣೀ, ಒಬ್ಬನ ಹಸಿವಿಗಾಗಿ ರಾಜ್ಯದ ಬೀಗ ತೆರೆಯಬೇಕೇನು? ಇಂದು ನಿನ್ನ ತಮ್ಮ, ನಾಳೆ ಇನ್ನೊಬ್ಬಳ ತಮ್ಮ. ಮತ್ತೆ ಸೆರೆಮನೆ ಯಾರಿಗಾಗಿ ಕಟ್ಟಿಸಲಿ?’

ಸಭೆ ಚಪ್ಪಾಳೆ ತಟ್ಟಿತು.

‘ನಿಮ್ಮತ್ರ ಕೇಳಿದ್ದಲ್ಲ ಮಾಸ್ತರ್ರೆ’ ಎಂದಳು ಅವಳು.

ಈಗ ನಗು, ಇನ್ನೂ ಜೋರು ಚಪ್ಪಾಳೆ. ಅಧಿಕಾರಿಯೂ ನಗುತ್ತ ಕೈ ತಟ್ಟಿ ಎದ್ದರು. ನಾನು ಹಿಂದಿನ ಬಾಗಿಲಿಂದ ಓಡಿದೆ. ಜೀಪು ಆಗಲೇ ರಸ್ತೆ ಹತ್ತಿತ್ತು.

ಪರದೆ ಬಿದ್ದ ಮೇಲೆ ಮಾಸ್ತರರು ಅವಳ ಬೆನ್ನು ತಟ್ಟಿದರು. ‘ಎಂತ ಮಾತು ತೆಗೆದೆ ಮಾರಾಯ್ತಿ. ಒಂದು ಗಳಿಗೆ ನಾನೇ ತಬ್ಬಿಬ್ಬು.’ ಅವಳು ವೇಷದಲ್ಲೇ ರಸ್ತೆಯತ್ತ ಹೊರಟುಹೋದಳು. ಅವರು ನನ್ನತ್ತ ತಿರುಗಿ ‘ಎಂತ ಆತು?’ ಎಂದರು. ಹೇಳಿದೆ. ಕಿರೀಟ ತೆಗೆಯುವುದನ್ನೂ ಮರೆತು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ವಾರದೊಳಗೆ ಹೊನ್ನಾವರದ ಅಳಿವೆಯ ಮರಳಿನಲ್ಲಿ ಅವನ ಹೆಣ ಸಿಕ್ಕಿತು. ಅವಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ವಾರಸುದಾರರಿಲ್ಲವೆಂದು ಹೂಳಿಯೂ ಆಗಿತ್ತು. ಎಲ್ಲಿ ಎಂದು ತೋರಿಸುವವರಿರಲಿಲ್ಲ. ಗ್ರೀಕರ ಆ ಹುಡುಗಿಗೆ ಕಣ್ಣೆದುರು ಹೆಣವಿತ್ತು, ಕೈಗೆ ಮಣ್ಣಿತ್ತು. ಅಷ್ಟನ್ನೂ ಇವಳಿಗೆ ಉಳಿಸಿರಲಿಲ್ಲ. ಸಾಹಿತ್ಯ ಮನುಷ್ಯನನ್ನು ತಿದ್ದುತ್ತದೆ ಎಂದು ತರಗತಿಯಲ್ಲಿ ಹೇಳುವುದನ್ನು ಆ ವರ್ಷವೇ ಬಿಟ್ಟೆ.

ಹಿಡಿದ ದಿನವೇ ತಪ್ಪಿಸಿಕೊಂಡು ಓಡಿ ನೀರಿಗೆ ಬಿದ್ದ ಎಂದು ಪೊಲೀಸರು ಹೇಳಿದರು. ಮಾಸ್ತರರು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡರು. ‘ಹಾಗಾದ್ರೆ ಅವ್ಳು ಕೇಳುವಾಗ್ಲೇ ಅವ ಇರ್ಲಿಲ್ಲ. ಯಾರು ಉತ್ತರ ಕೊಟ್ರೂ ಅಷ್ಟೇಯ’ ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ನಾನೂ ಕೆಲವು ವರ್ಷ ಹಾಗೆಯೇ ನಂಬಲು ನೋಡಿದೆ.

ಆಮೇಲೆ ಭಟ್ಕಳದಲ್ಲಿ ಮೀನು ಲಾರಿಯ ಚಾಲಕನೊಬ್ಬ ಸಿಕ್ಕ. ಅಪಘಾತದ ಕೇಸಿನಲ್ಲಿ ಅವನನ್ನೂ ಕ್ಲೀನರನನ್ನೂ ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿದ್ದರು. ಅಲ್ಲೊಬ್ಬ ಸಿದ್ದಿ ಹುಡುಗನಿದ್ದನಂತೆ. ‘ಇವತ್ತು ಕುಮಟೆಯಲ್ಲಿ ನನ್ನ ಅಕ್ಕನ ಆಟ ಅದೆ’ ಎಂದು ಹೇಳಿದ್ದನಂತೆ. ಕ್ಲೀನರನನ್ನು ಹುಡುಕಿ ಬೇರೆಯಾಗಿ ಕೇಳಿದೆ. ಅವನೂ ಅದನ್ನೇ ಹೇಳಿದ. ಸಭೆ ಚಪ್ಪಾಳೆ ತಟ್ಟುವಾಗ ಅವಳ ತಮ್ಮ ಬದುಕಿದ್ದ.