ಮೂರನೆಯವನ ಕೂಲಿ

ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಸುಣ್ಣದ ಗಾರೆ ಚರ್ಮವನ್ನು ತಿಂದು ತಿಂದು ಅಂಗೈ ಬೇಯಿಸಿ ಸುಲಿದ ಗೆಣಸಿನ ಹಾಗೆ ಬೆಳ್ಳಗೆ, ನುಣ್ಣಗೆ ಆಗಿಬಿಟ್ಟಿತ್ತು. ಬೆರಳ ಸಂದುಗಳಲ್ಲಿ ಮಾತ್ರ ಬಿರುಕು ಬಿಟ್ಟು ರಕ್ತ ಒಸರುತ್ತಿತ್ತು. ಅರವತ್ತರ ದಶಕದ ಕೊನೆಯ ವರ್ಷಗಳವು. ನಾನು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮುಲಾಮು ಹಚ್ಚಿಸಿಕೊಳ್ಳಲು ಬಂದಾಗಲೇ ಅವರ ಪರಿಚಯವಾದದ್ದು. ಹಚ್ಚಿ ಮುಗಿಸಿದ ಮೇಲೆ ಅವರು ಎದ್ದು ಹೋಗದೆ ನಿಂತರು.

‘ಕಾಗದದಲ್ಲಿ ಒಸಿ ಕಟ್ಟಿ ಕೊಡವ್ವ. ನಮ್ ಉಡುಗನ ಕೈಯೂ ಇಂಗೇ ಆಗದೆ.’

‘ಅವನನ್ನೇ ಕರೆದುಕೊಂಡು ಬನ್ನಿ ಮೇಸ್ತ್ರಿ, ನೋಡ್ತೀನಿ.’

‘ಅವ ಬರಾಕಿಲ್ಲ. ಕೆಲ್ಸ ಬುಟ್ಟು ಎಲ್ಲಿಗೂ ಬರಾಕಿಲ್ಲ’ ಎಂದು ಪೊಟ್ಟಣ ಹಿಡಿದು ಹೊರಟುಹೋದರು.

ಆ ಕಾಲಕ್ಕೆ ನಮ್ಮ ಊರಿನಲ್ಲಿ ಗಾರೆಯವರ ದಿನಗೂಲಿ ಎಂದರೆ ಮೇಸ್ತ್ರಿ ಹೇಳಿದ್ದೇ ಕೂಲಿ. ಯುಗಾದಿ ಕಳೆದ ಮೇಲೆ ಕಂಟ್ರಾಕ್ಟರುಗಳು ಕೂಡ ಅವರ ಜಗುಲಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅವರು ಜಗುಲಿಯಲ್ಲಿ ಕೂತು ಬಾಯಿಗೆ ಬಂದದ್ದನ್ನು ಹೇಳುವವರಲ್ಲ. ನಾನೂ ನನ್ನ ಅವ್ವನೂ ಸೇರಿ ಒಂದು ಸಣ್ಣ ಮನೆ ಕಟ್ಟಿಸಬೇಕೆಂದು ಕರೆಸಿದಾಗ ಅವರು ಮೊದಲು ನಿವೇಶನದ ಸುತ್ತ ನಡೆದರು. ನೀರು ಎಷ್ಟು ದೂರದಿಂದ ಹೊರಬೇಕು, ಮರಳು ಎಲ್ಲಿ ಸುರಿಸುತ್ತೀರಿ, ಮಧ್ಯಾಹ್ನ ನೆರಳು ಯಾವ ಕಡೆ ಬೀಳುತ್ತದೆ ಎಂದು ಒಂದೊಂದೇ ವಿಚಾರಿಸಿದರು. ಆಮೇಲೆ ರೇಟು ಹೇಳಿದರು. ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

‘ಎಣ್ಣಾಳಿಗೂ ಇಷ್ಟೊಂದಾ ಮೇಸ್ತ್ರಿ? ಪಕ್ಕದ ಬೀದೀಲಿ ಇದರಲ್ಲಿ ಅರ್ಧ ಕೊಡ್ತಾವ್ರೆ.’

‘ಅದು ನೆಲದ ರೇಟು ಕಣವ್ವ. ಬಾಣಲಿ ತಲೆ ಮ್ಯಾಲೆ ಒತ್ಕಂಡು ಸಾರುವೆ ಮರ ಅತ್ತೋವ್ಳು ಕಾಲು ಜಾರುದ್ರೆ ಎಲ್ಲಿಂದ ಬೀಳ್ತಾಳೆ ಯೋಳು? ಎತ್ತರಕ್ಕೆ ಒಂದು ರೇಟು. ಆಳಕ್ಕೆ...’

ಮಾತನ್ನು ಅಲ್ಲಿಗೇ ಬಿಟ್ಟು, ‘ಗಾರೆಯವರು ಮೂರು ಜನ ಆಯ್ತೀವಿ’ ಎಂದರು. ‘ಮೂರನೆಯವ ಇಲ್ಲಿಗಂಟ ಅರ್ಧಾಳಿನ ಕೂಲಿ ತಕತಿದ್ದ. ಈ ವರ್ಷದಿಂದ ಪೂರ್ತಿ ಕೂಲಿ. ಕೈ ಪಳಗದೆ ಈಗ.’

ಕೆಲಸ ಶುರುವಾಯಿತು. ಕರಣೆ ಹಿಡಿದು ಬಂದವರು ಇಬ್ಬರೇ, ಮೇಸ್ತ್ರಿ ಮತ್ತು ಒಬ್ಬ ನಡುವಯಸ್ಸಿನವನು. ಉಳಿದವರು ಗಾರೆ ಅರೆಯುವ, ಕಲ್ಲು ಹೊರುವ ಗಂಡಾಳು ಹೆಣ್ಣಾಳುಗಳು. ವಾರದ ಬಟವಾಡೆಯ ದಿನ ಅವ್ವ ಕೇಳಿದಳು, ‘ಮೂರನೆಯವನೆಲ್ಲಿ ಮೇಸ್ತ್ರಿ?’

ಅವರು ಬಡಗಣ ಗೋಡೆಯ ಕಡೆ ಕೈ ತೋರಿಸಿದರು. ‘ಅಗೋ, ಅಲ್ಲೇ ಅವ್ನಲ್ಲ.’

ಅಲ್ಲಿ ಯಾರೂ ಇರಲಿಲ್ಲ. ಅರ್ಧ ಎದ್ದ ಗೋಡೆಯ ಮೇಲೆ ಇಳಿಬಿಸಿಲು ಬಿದ್ದಿತ್ತು, ಅಷ್ಟೇ. ಯಾರಾದರೂ ನಕ್ಕಾರು ಎಂದು ನಾನು ಸುತ್ತ ನೋಡಿದೆ. ಒಬ್ಬರೂ ನಗಲಿಲ್ಲ. ಎಳೆಯ ಹೆಣ್ಣಾಳೊಬ್ಬಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವ್ವ ತಡಬಡಿಸಿ ಮೂರು ಜನದ ಕೂಲಿ ಕೊಟ್ಟಳು.

ನಾನು ಹಗಲೆಲ್ಲ ಆಸ್ಪತ್ರೆಯಲ್ಲಿರುತ್ತಿದ್ದೆ. ಮನೆಯ ಕೆಲಸ ನೋಡಿಕೊಳ್ಳುತ್ತಿದ್ದವಳು ಅವ್ವ. ಸಂಜೆ ನಾನು ಬರುವುದನ್ನೇ ಕಾಯುತ್ತಿದ್ದು ಒಂದೊಂದು ಸುದ್ದಿ ಹೇಳತೊಡಗಿದಳು. ಬಡಗಣ ಗೋಡೆಯ ಬಳಿ ಯಾರೂ ಇಲ್ಲದಿದ್ದರೂ ಹೆಣ್ಣಾಳುಗಳು ಅಲ್ಲೊಂದು ಬಾಣಲಿ ಗಾರೆ ಇಟ್ಟು, ಹಿಂತಿರುಗಿ ನೋಡದೆ ಬರುತ್ತಾರಂತೆ. ಊಟಕ್ಕೆ ಕೂತಾಗ ಒಂದು ಮುದ್ದೆ ಬೇರೆ ಎಲೆಯ ಮೇಲೆ ಇಡುತ್ತಾರಂತೆ. ಒಂದು ದಿನ ಅವಳ ಮುಖವೇ ಬಿಳುಚಿತ್ತು.

‘ಎಲ್ರೂ ಉಣ್ತಾ ಕೂತಿದ್ರು ಕಣೇ. ನಾನೇ ಎಲ್ರನ್ನೂ ನೋಡ್ದೆ. ಗೋಡೆ ಆ ಕಡೆಯಿಂದ ಕರಣೆ ಸದ್ದು ಬತ್ತಿತ್ತು. ಕಲ್ ಮ್ಯಾಲೆ ಟಕ್ ಟಕ್ ಅಂತ.’

ನಾನು ಅವಳನ್ನು ಗದರಿಸಿದೆ. ಆದರೆ ಬೆಳಕಿರುವಾಗಲೇ ಹೋಗಿ ಆ ಗೋಡೆಯನ್ನು ನೋಡಿದೆ. ಗೋಡೆಯ ಒಳಮೈಗೆ ಒಂದು ಕೈ ಗಾರೆ ಬಳಿದಿದ್ದರು. ಉಳಿದೆಲ್ಲ ಗೋಡೆಗಳಲ್ಲಿ ಕರಣೆಯ ಗುರುತು ಒಂದು ಕಡೆಗೆ ಬಾಗಿದ್ದರೆ ಇಲ್ಲಿ ಅದರ ಎದುರು ಕಡೆಗೆ ಬಾಗಿತ್ತು.

‘ಅವ ಎಡಚ’ ಎಂದರು ಮೇಸ್ತ್ರಿ, ನಾನು ಕೇಳುವ ಮೊದಲೇ.

ಮೇಸ್ತ್ರಿಯೇ ಎಡಗೈಯಲ್ಲಿ ಬಳಿದಿರಬಹುದು ಎಂದುಕೊಂಡೆ. ಇಂದಿಗೂ ಹಾಗೆ ಅಂದುಕೊಳ್ಳಲು ಏನೂ ಅಡ್ಡಿಯಿಲ್ಲ. ಆದರೆ ಆ ಸಂಜೆ ಗಾರೆಯ ಮೇಲೆ ಬೆರಳಿಟ್ಟಾಗ, ಯಾರೋ ಈಗಷ್ಟೇ ಕೈ ತೆಗೆದ ಹಾಗೆ ಆ ಜಾಗ ಬೆಚ್ಚಗಿತ್ತು.

ಹೆದರಿಕೆ ನನ್ನಲ್ಲಿ ಸಿಟ್ಟಾಗಿ ತಿರುಗಿತು. ಮುಂದಿನ ಬಟವಾಡೆಯಲ್ಲಿ ಇಬ್ಬರ ಕೂಲಿಯನ್ನಷ್ಟೇ ಮುಂದಿಟ್ಟು, ‘ಇಲ್ಲದವನಿಗೆ ನಾನು ಕೊಡೋದಿಲ್ಲ ಮೇಸ್ತ್ರಿ’ ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ‘ಆಗ್ಲಿ ಕಣವ್ವ. ಅಂಗಾರೆ ಅವ ಕಟ್ಟಿದ್ದ ಬಿಚ್ಬುಡ್ತೀನಿ. ಕೂಲಿ ಕೊಡದ ಕೆಲ್ಸ ನಿಮ್ ಮನೇಲಿ ನಿಲ್ಲದು ಬ್ಯಾಡ.’

ಬಡಗಣ ಗೋಡೆಯ ಮೇಲಿನ ಸಾಲಿನ ಕಲ್ಲಿಗೆ ಅವರು ಹಾರೆ ಇಟ್ಟಾಗ ಆಳುಗಳಲ್ಲಿ ಹಿರಿಯಳಾದ ಅಜ್ಜಿಯೊಬ್ಬಳು ಓಡಿಬಂದು ಅದನ್ನು ಹಿಡಿದುಕೊಂಡಳು. ‘ಬ್ಯಾಡ ಮೇಸ್ತ್ರಿ, ಇನ್ನೊಂದ್ಸಲ ಕೆಡವ್ಬ್ಯಾಡ ಅವನ್ ಮ್ಯಾಲೆ’ ಎಂದು ಗೋಳಾಡಿದಳು. ಮೇಸ್ತ್ರಿಯ ಕೈ ಸಡಿಲವಾಯಿತು. ಅವರು ಹಾರೆ ಬಿಟ್ಟು, ಕೂಲಿಯನ್ನೂ ಮುಟ್ಟದೆ ನಡೆದುಬಿಟ್ಟರು.

ಅಜ್ಜಿಯಿಂದಲೇ ನನಗೆ ವಿಷಯ ತಿಳಿದದ್ದು. ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದ ಹೊಸದರಲ್ಲಿ, ಅಂದರೆ ಹತ್ತು ಹನ್ನೆರಡು ವರ್ಷಗಳ ಹಿಂದೆ, ಯಳಂದೂರಿನ ಕಡೆಯ ಒಂದು ತೋಟದಲ್ಲಿ ಬಾವಿಗೆ ಕಲ್ಲು ಕಟ್ಟುವ ಕೆಲಸ ಬಂದಿತ್ತು. ತೋಟದ ಯಜಮಾನ ಬಾವಿಯೊಳಗಿನ ಕೆಲಸಕ್ಕೂ ಮೇಲಿನ ಕೆಲಸದ ಕೂಲಿಯನ್ನೇ ಕೊಡುತ್ತೇನೆಂದ. ಕೆಲಸವಿಲ್ಲದ ದಿನಗಳವು, ಮೇಸ್ತ್ರಿ ಒಪ್ಪಿಕೊಂಡರು. ಅಷ್ಟು ಕೂಲಿಗೆ ಅನುಭವಸ್ಥರು ಯಾರೂ ಇಳಿಯಲಿಲ್ಲ. ಆಗಷ್ಟೇ ಕರಣೆ ಹಿಡಿದಿದ್ದ ತಮ್ಮ ಅಕ್ಕನ ಮಗನನ್ನು ಇಳಿಸಿದರು. ಬಾವಿ ಕುಸಿಯಿತು. ತೆಗೆಯಲು ಹೋದರೆ ಇನ್ನಷ್ಟು ಕುಸಿಯುತ್ತದೆಂದು ಯಜಮಾನ ಮೇಲಿನಿಂದ ಮಣ್ಣು ಹಾಕಿಸಿಬಿಟ್ಟ.

‘ಇಳಿದವ ಮ್ಯಾಕ್ಕೆ ಬಂದಿಲ್ವಲ್ಲವ್ವ’ ಎಂದಳು ಅಜ್ಜಿ. ‘ಅದ್ಕೇ ಅವನ ದಿನಗೂಲಿ ನಿಂತಿಲ್ಲ.’

ಕೂಲಿಯೆಲ್ಲ ಬಂಡಳ್ಳಿಯಲ್ಲಿರುವ ಅವನ ತಾಯಿಗೆ ಹೋಗುತ್ತಿತ್ತು. ಮಗ ದೂರದ ಕೆಲಸದಲ್ಲಿದ್ದಾನೆಂದು ಮೇಸ್ತ್ರಿ ಆಕೆಗೆ ಹೇಳಿದ್ದರು. ಅಷ್ಟರಲ್ಲಿ ಸಿಡುಬಿನ ಚುಚ್ಚುಮದ್ದಿನ ಕೆಲಸಕ್ಕೆ ನನ್ನನ್ನು ಬಂಡಳ್ಳಿಗೆ ಕಳಿಸಿದರು. ಕೇಳಿಕೊಂಡು ಆಕೆಯ ಮನೆಗೆ ಹೋದೆ. ಚೆನ್ನಾಗಿ ಬಿಸಿಲೇರಿದ ಹೊತ್ತು. ಆಕೆ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕೊಳ್ಳೇಗಾಲದವಳು ಎಂದ ಕೂಡಲೇ ಮುಖ ಅರಳಿತು.

‘ನೀವೇನಾ ನರ್ಸಮ್ಮ? ನನ್ ಮಗ ಯೋಳ್ದ. ಮೊನ್ನೆ ಬಂದಿದ್ದ. ಕೈಯೆಲ್ಲ ಸುಣ್ಣ ತಿಂದ್ಬುಟ್ಟದೆ. ನರ್ಸಮ್ಮ ಮುಲಾಮು ಕೊಟ್ರು ಅವ್ವ, ಈಗ ಉರಿ ಕಮ್ಮಿ ಅಂದ.’

ಆಕೆ ಬಾಗಿಲಿನ ಚೌಕಟ್ಟನ್ನು ತೋರಿಸಿ ನಕ್ಕಳು. ‘ನೋಡಿ, ತೊಳಕಳ್ದೆ ಒಳಕ್ಕೆ ಬತ್ತಾನೆ.’ ಮಸಿ ಹಿಡಿದ ಮರದ ಮೇಲೆ ಬಿಳಿಯ ಬೆರಳ ಗುರುತುಗಳಿದ್ದವು. ಎಡಗೈಯವು. ‘ಪೂರ್ತಿ ಕೂಲಿ ಆಗದೆ ಈಗ. ಮದ್ವೆಗೆ ನಿಮ್ ಕಡೆ ಯಾವ್ದಾರ ಎಣ್ಣಿದ್ರೆ ಯೋಳಿ’ ಎಂದಳು.

ನಾನು ಕೊಳ್ಳೇಗಾಲಕ್ಕೆ ಬಂದವಳೇ ನೇರ ಮೇಸ್ತ್ರಿಯ ಮನೆಗೆ ಹೋದೆ. ಅವರು ಬಿಟ್ಟುಹೋದ ಕೂಲಿಯ ಜೊತೆ ಮೂರನೆಯವನದನ್ನೂ ಮುಂದಿಟ್ಟೆ. ಮುಲಾಮಿನ ಸುದ್ದಿಯನ್ನು ಆಕೆಗೆ ಇವರೇ ಹೇಳಿರಬೇಕೆಂದು ನನ್ನ ಲೆಕ್ಕಾಚಾರ. ಆಕೆ ಹೇಳಿದ್ದನ್ನು ನನ್ನಿಂದ ಕೇಳಿ ಮೇಸ್ತ್ರಿ ಗೋಡೆ ಹಿಡಿದುಕೊಂಡರು.

‘ಮಾತಾಡುದ್ನಂತಾ?’

‘ಹಾಗಂದರು.’

‘ನಾ ಮುಲಾಮು ಗೋಡೆ ಮ್ಯಾಲೆ ಮಡಗಿ ಬಂದೆ, ಅಷ್ಟೆಯ. ಅಕ್ಕನತ್ರ ಏನೂ ಯೋಳಿಲ್ಲ.’ ಅವರು ಅಂಗೈಯಿಂದ ಕಣ್ಣೊರೆಸಿಕೊಂಡರು. ‘ಇಷ್ಟು ವರ್ಸ ನನ್ ಪಕ್ಕದಲ್ಲೇ ಕಟ್ತಾವ್ನೆ ಕಣವ್ವ. ಒಂದ್ ದಿನ ಈ ಕಡೆ ತಿರುಗಿಲ್ಲ. ಬರೀ ಬೆನ್ನು. ಮಾವಾ ಅಂತ ಒಂದ್ ಮಾತಿಲ್ಲ. ಅವ್ವನತ್ರ ಮಾತಾಡ್ತಾನಾ?’

ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ನೋಡಿರಲಿಲ್ಲ. ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದಷ್ಟೇ ಹೇಳಿ ಬಂದೆ. ಮನೆ ಮುಗಿಯುವ ತನಕ ಮೂರು ಜನದ ಕೂಲಿ ಕೊಟ್ಟೆವು. ಬಡಗಣ ಕೋಣೆಯಲ್ಲಿ ಅವ್ವ ನೆಮ್ಮದಿಯಾಗಿ ಮಲಗುತ್ತಿದ್ದಳು. ಭಯವೆಲ್ಲ ಹೇಗೆ ಹೋಯಿತೋ ಅವಳಿಗೇ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಸಿಮೆಂಟಿನ ಕೆಲಸ ಹೆಚ್ಚಾಯಿತು. ಕಡಿಮೆ ಕೂಲಿಗೆ ಆಳು ತರುವ ಹೊಸ ಕಂಟ್ರಾಕ್ಟರುಗಳು ಬಂದರು. ಮೇಸ್ತ್ರಿ ತಮ್ಮ ರೇಟು ಇಳಿಸಲಿಲ್ಲ. ಸುಣ್ಣದ ಧೂಳು ಎದೆ ಸೇರಿ, ಕೊನೆಗೆ ನಮ್ಮ ಆಸ್ಪತ್ರೆಯಲ್ಲೇ ಮಲಗಿದರು. ಬಂಡಳ್ಳಿಯಿಂದ ಅವರ ಅಕ್ಕ ಬಂದು ಕಾಲ ಬಳಿ ಕೂತಳು. ಒಂದು ಬೆಳಿಗ್ಗೆ ಅವರು ಆಕೆಯ ಕೈ ಹಿಡಿದು, ‘ಅಕ್ಕಾ, ಆ ಬಾವಿ...’ ಎಂದು ಶುರುಮಾಡಿದರು.

‘ಸುಮ್ಕಿರು. ಗೊತ್ತು ನಂಗೆ’ ಎಂದಳು ಆಕೆ. ‘ಮೊದಲ್ನೇ ವಾರಾನೇ ಗೊತ್ತಾಯ್ತು. ನನ್ ಮಗ ಬದ್ಕಿದ್ರೆ ಬೀಡಿಗೆ, ಸಿನಿಮಾಕ್ಕೆ ಅಂತ ಅರ್ಧ ಇಟ್ಕಂಡು ಕಳಿಸ್ತಿದ್ದ. ನೀನು ಒಂದು ಕಾಸೂ ಬುಡ್ದೆ ತಂದ್ಕೊಟ್ಟೆ.’

ಮೇಸ್ತ್ರಿ ಆಕೆಯನ್ನೇ ನೋಡುತ್ತಿದ್ದರು. ‘ಆ ಕೆಲ್ಸಕ್ಕೆ ರೇಟೇ ಇಲ್ಲ ಅಂದ್ಬುಟ್ಟು ಎದ್ದು ಬರಬೇಕಿತ್ತು ಕಣಕ್ಕ’ ಎಂದರು. ಅದೇ ದಿನ ಮಧ್ಯಾಹ್ನ ಉಸಿರು ನಿಂತಿತು.

ತಡೆಯಲಾರದೆ ನಾನು ಆಕೆಯನ್ನು ಕೇಳಿದೆ, ‘ಹಾಗಾದರೆ ಮನೆಗೆ ಬರುತ್ತಿದ್ದವನು ಯಾರಮ್ಮ?’

‘ನನ್ ಮಗ’ ಎಂದಳು, ನಾನು ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ನನ್ನನ್ನೇ ದಿಟ್ಟಿಸಿ.

ಮಾರನೆಯ ಬೆಳಿಗ್ಗೆ ಊರಾಚೆ ಮಣ್ಣು ಮಾಡಿದರು. ಊರಿನ ಗಾರೆಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಗುಣಿಯನ್ನು ಅವರೇ ತೋಡಿ, ಅವರೇ ಮುಚ್ಚಿ, ಮೇಲೆ ಒಂದು ಸಾಲು ಕಲ್ಲು ಕೂರಿಸಿ ಗಾರೆ ಬಳಿಯತೊಡಗಿದರು. ನಾನು ಬಡಗಣ ಬದಿಯಲ್ಲಿ ನಿಂತು ನೋಡುತ್ತಿದ್ದೆ. ಅಕ್ಕ ನನ್ನ ಹತ್ತಿರ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಮೊಣಕೈ ಮುಟ್ಟಿದಳು.

‘ಒಸಿ ಸರ್ಕೊಳಿ ನರ್ಸಮ್ಮ. ಅವ್ನಿಗೆ ಕೈ ಆಡ್ಬೇಕು.’

ನಾನು ಸರಿದು ನಿಂತೆ.