ಷಡ್ಡಕನ ಗ್ಯಾರೇಜಿನ ಲಿಫ್ಟು

ಕಾರೆತ್ತುವ ಲಿಫ್ಟು ಕೂರಿಸುವ ಆ ಫಿಟ್ಟರಿಗೆ ಮನೆಮಂದಿ ಇಟ್ಟಿದ್ದ ಹೆಸರು ‘ಇನ್ನೊಂದ್ಸಲ’. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವನು ಇನ್ನೊಂದ್ಸಲ ಎಳೆದು ನೋಡಲು ಹಿಂತಿರುಗುತ್ತಿದ್ದ. ಗ್ಯಾಸು ಆರಿಸಿ ಬಂದ ಹೆಂಡತಿಯ ಹಿಂದೆಯೇ ಹೋಗಿ ಇನ್ನೊಂದ್ಸಲ ಆರಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ಕೂರಿಸಿದ ಒಂದು ಲಿಫ್ಟೂ ಅಲ್ಲಾಡಿರಲಿಲ್ಲ. ಅದಕ್ಕೆ ಮಾತ್ರ ಯಾರೂ ಹೆಸರಿಡಲಿಲ್ಲ.

ಈ ಚಾಳಿಯಿಂದಲೇ ಷಡ್ಡಕನ ಮನೆಯವರೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ನಾದಿನಿ ಮತ್ತು ಅವಳ ಗಂಡ ಹೊಸ ಮನೆ ತೋರಿಸಲು ನೆಂಟರನ್ನೆಲ್ಲ ಕರೆದ ದಿನ, ಇವನು ಎಲ್ಲರೆದುರು ಮೆಟ್ಟಿಲಿನ ಕಂಬಿ ಅಲ್ಲಾಡಿಸಿ, "ಇದು ನಿಲ್ಲಲ್ಲ" ಅಂದಿದ್ದ. ಕಂಬಿ ನಿಂತಿತು, ನೆಂಟಸ್ತನ ನಿಲ್ಲಲಿಲ್ಲ.

ಈಗ ಷಡ್ಡಕ ಹಳೆಯ ಕಾರೊಂದನ್ನು ಕೊಂಡು, ಮನೆಯ ಗ್ಯಾರೇಜಿಗೆ ಲಿಫ್ಟು ಹಾಕಿಸಲು ತಾನಾಗಿಯೇ ಫೋನು ಮಾಡಿದ್ದ. ಅಕ್ಕತಂಗಿಯರು ಫೋನಿನ ಎರಡೂ ತುದಿಯಲ್ಲಿ ಅತ್ತರು. ಹೊರಡುವಾಗ ಹೆಂಡತಿ, "ಕೈ ಮುಗೀತೀನಿ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದಳು.

ಹತ್ತು ಬೋಲ್ಟು, ಹತ್ತು ತೂತು. "ಆರಿಂಚು ಕಾಂಕ್ರೀಟು, ನಾನೇ ನಿಂತು ಹಾಕಿಸಿದ್ದು" ಎಂದು ಷಡ್ಡಕ ಎದೆ ತಟ್ಟಿಕೊಂಡ. ಒಂಬತ್ತು ತೂತುಗಳಿಂದ ಬೂದು ಪುಡಿ ಬಂತು. ಹತ್ತನೆಯದರಲ್ಲಿ ಡ್ರಿಲ್ಲು ಸರ್ರನೆ ಇಳಿದು ಕೆಂಪು ಪುಡಿ ಉಗುಳಿತು. ಅಲ್ಲಿ ಕಾಂಕ್ರೀಟು ತೆಳುವಾಗಿ, ಕೆಳಗೆ ತುಂಬಿದ ಇಟ್ಟಿಗೆ ಚೂರು ಸಿಕ್ಕಿತ್ತು. ಬೋಲ್ಟೇನೋ ಬಿಗಿಯಾಯಿತು. ಆದರೆ ಇಟ್ಟಿಗೆ ನಂಬಿದ ಬೋಲ್ಟು ಇವತ್ತು ಬಿಗಿ, ನಾಳೆ ಸಡಿಲ. ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದು, "ಭಾವ, ಊಟಕ್ಕೇಳಿ" ಎಂದಳು. ಮೂರು ವರ್ಷದ ಮೇಲೆ ಕೇಳಿದ ಕರೆ. ಅವನು ಪುಡಿಯನ್ನು ಮೂಲೆಗೆ ಗುಡಿಸಿ ಕೈ ತೊಳೆದುಕೊಂಡ.

ಹೊರಡುವಾಗ, "ಎರಡು ದಿನ ಕಾರೆತ್ತಬೇಡ" ಎಂದಷ್ಟೇ ಹೇಳಿದ. ಕಾರಣವಿಲ್ಲದ ಮಾತು ಕೇಳುವ ಆಸಾಮಿಯಲ್ಲ ಷಡ್ಡಕ. ಕಾರಣವಿದ್ದರೂ ಕೇಳುವುದು ಅಷ್ಟಕ್ಕಷ್ಟೇ.

ಮನೆಗೆ ಬಂದವನು ಕಾಲು ಸುಟ್ಟ ಬೆಕ್ಕಿನಂತೆ ಬಾಗಿಲಿಗೂ ಅಡುಗೆಮನೆಗೂ ಸುತ್ತಿದ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಹೇಳಿದರೆ ನೆಂಟಸ್ತನ ಹೋಗುತ್ತದೆ, ಹೇಳದಿದ್ದರೆ ಒಂದು ಜೀವ. ಇದನ್ನೂ ತೂಗಿ ನೋಡಬೇಕೇ ಎನ್ನುವವರು ತಮ್ಮ ನೆಂಟರನ್ನೊಮ್ಮೆ ನೆನೆಸಿಕೊಳ್ಳಲಿ.

ಹೆಂಡತಿ ನೋಡಿ ನೋಡಿ ಸಾಕಾಗಿ, "ಏನು ಬಿಟ್ಟು ಬಂದಿದ್ದೀರಿ ಅಲ್ಲಿ?" ಎಂದಳು. ಅವನು ಹೇಳಿದ. ಅವಳು ಚಪ್ಪಲಿ ಮೆಟ್ಟಿ, ಅವನಿಗಿಂತ ಮೊದಲು ಸ್ಕೂಟರಿನ ಬಳಿ ನಿಂತಳು.

ಗ್ಯಾರೇಜಿನಲ್ಲಿ ಕಾರು ಆಗಲೇ ಮೇಲಿತ್ತು. ಅದರಡಿ ಷಡ್ಡಕ ಟಾರ್ಚು ಹಿಡಿದು ನಿಂತಿದ್ದ. ನಾದಿನಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇಬ್ರೂ ಈಚೆ ಬನ್ನಿ" ಎಂದು ಇವನು ಬಾಗಿಲಿಂದಲೇ ಕೂಗಿದ.

"ಶುರುವಾಯ್ತು ನೋಡು, ಇನ್ನೊಂದ್ಸಲ" ಎಂದು ಷಡ್ಡಕ ತನ್ನ ಹೆಂಡತಿಯತ್ತ ನಕ್ಕ. ಆದರೆ ಫಿಟ್ಟರನ ಮುಖ ಕಂಡು ನಗು ನಿಂತಿತು. ಇಬ್ಬರೂ ಈಚೆ ಬಂದರು.

ಕಾರಿಳಿಸಿ ಪಾನಾ ಹಾಕಿದರೆ, ಹತ್ತನೆಯ ಬೋಲ್ಟು ಗಿರಗಿರನೆ ಸುತ್ತಿ ಎರಡೇ ಬೆರಳಿಗೆ ಎದ್ದು ಬಂತು. ಒಂದು ಮಧ್ಯಾಹ್ನಕ್ಕೇ ಅದು ಕೈಬಿಟ್ಟಿತ್ತು.

ಷಡ್ಡಕ ಅದನ್ನು ಅಂಗೈಯಲ್ಲಿಟ್ಟು ನೋಡಿದ. "ನೆಲ ತೆಳುವಾಗಿದೆ, ಒಪ್ಪಿದೆ. ನಿಮ್ಗೆ ಯಾವಾಗ ಗೊತ್ತಾಯ್ತು?"

"ಬೆಳಗ್ಗೆ, ತೂತು ಹೊಡೆಯುವಾಗ."

ನಾದಿನಿಯ ಮುಖ ಬಿಳಿಚಿಕೊಂಡಿತು. "ಗೊತ್ತಿದ್ದೂ ನಮ್ಮ ಜೊತೆ ಕೂತು ಊಟ ಮಾಡಿದ್ರಾ?"

ಜೀವಮಾನವೆಲ್ಲ ಬೇಡದ ಕಡೆ ಬಾಯಿ ಹಾಕಿದವನು ಈಗ ಬಗ್ಗಿ ಪಾನಾ ಒರೆಸತೊಡಗಿದ. ನಾಚಿಕೆಯಿಂದ ನೆಲಕ್ಕಿಳಿದುಹೋಗುವಂತಾಯಿತು. ಆಗ ಹೆಂಡತಿ ಅವನ ಮುಂದೆ ಬಂದು ನಿಂತಳು.

"ಅವರನ್ನ ಕೇಳ್ಬೇಡ ಕಣೇ. ಬಾಯಿ ಮುಚ್ಚಿಸಿದ್ದು ನಾನು. ನಿನ್ನ ಮನೆಗೆ ಬಂದು ಹೋಗೋ ಆಸೆಗೆ."