ಮಾಯಮ್ಮ ಅತ್ತೆಗೆ ಇಟ್ಟ ಎಡೆ

ನನ್ನ ಹೆಂಡತಿ ಮಾಯಮ್ಮ ಬಾಯಿ ತೆರೆದರೆ ನಮ್ಮೂರು ಕಟ್ಟಾಯದ ಬೀದಿಯೇ ತಿರುಗಿ ನೋಡಬೇಕು. ಅಂಥವಳು ಮಹಾಲಯ ಅಮಾವಾಸ್ಯೆ ಹತ್ತಿರ ಬಂದಂತೆ ಮಳೆಗೆ ನೆನೆದ ಕೋಳಿಯಂತೆ ಮುದುರಿಕೊಂಡಳು. ಕಾರಣ ನನಗೆ ಗೊತ್ತಿತ್ತು.

ನನ್ನವ್ವ ಮಾದಮ್ಮ ಆ ವರ್ಷದ ಆಷಾಢದಲ್ಲಿ ತೀರಿಕೊಂಡಿದ್ದಳು. ಹೋಗುವ ಮುಂಚೆ ಸೊಸೆಯ ಕೈ ಹಿಡಿದು, "ಹಿರೀಕರ ಅಬ್ಬದಲ್ಲಿ ನಂಗೊಂದು ಎಡೆ ಇಕ್ಕವ್ವ, ಉಪ್ಪುಮೀನು ಮರೀಬ್ಯಾಡ" ಎಂದಿದ್ದಳು. ಇವಳು ಹೂಂಗುಟ್ಟಿದ್ದಳು.

ಆದರೆ ಹಿಂದಿನ ವರ್ಷವೇ ಅವ್ವನೊಬ್ಬಳನ್ನು ಬಿಟ್ಟು ನಾವೆಲ್ಲ ಹಾಸನದಲ್ಲಿ ಬೌದ್ಧ ದೀಕ್ಷೆ ಪಡೆದಿದ್ದೆವು. ಸತ್ತವರಿಗೆ ಎಡೆ ಇಡುವುದಿಲ್ಲ ಎಂದು ದೀಕ್ಷೆ ಕೊಟ್ಟ ಭಿಕ್ಷು ಭಂತೇಜಿಯ ಮುಂದೆ ಬಾಯಾರೆ ಹೇಳಿದವರಲ್ಲಿ ಮಾಯಮ್ಮನೂ ಒಬ್ಬಳು. ನಮ್ಮನ್ನು ಕರೆದುಕೊಂಡು ಹೋಗಿದ್ದವನು ಹಾಸನದಲ್ಲಿ ಗುಮಾಸ್ತನಾಗಿರುವ ಮಗ ನಟರಾಜು. ಎಡೆ ಇಟ್ಟರೆ ಮಗ ಮುನಿದು ದೂರವಾಗುತ್ತಾನೆ. ಇಡದಿದ್ದರೆ ಅತ್ತೆಗೆ ಕೊಟ್ಟ ಮಾತು ಮಣ್ಣುಪಾಲು.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬುದ್ಧನ ಪುಸ್ತಕವನ್ನು ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದಿಕೊಂಡೆ. ತಲೆ ಎತ್ತಿ ನಡೆಯಲು ಕಲಿಸಿದ ದಾರಿ ಅದು, ಎರಡು ಮಾತಿಲ್ಲ. ಆದರೂ ಹೊಸ ಮನೆ ಕಟ್ಟಿದವನು ಹಳೇ ಒಲೆಗಲ್ಲನ್ನು ಎಲ್ಲಿ ಎಸೆಯಲಿ ಎಂದು ಕೈಯಲ್ಲೇ ಹಿಡಿದು ನಿಲ್ಲುತ್ತಾನಲ್ಲ, ಹಾಗೆ ನಿಂತಿದ್ದೆ.

"ನಿನ್ ಮನಸ್ಸಿಗೆ ಬಂದಂಗೆ ಮಾಡು" ಎಂದೆ.

"ಓಹೋ, ಪುಸ್ತ್ಕ ಓದ್ದೋರು ಯೋಳಾದು ಇಷ್ಟೇಯ!" ಎಂದು ಮೂತಿ ತಿರುವಿದಳು.

ಹಬ್ಬದ ದಿನ ಅಡುಗೆಮನೆಯಲ್ಲೇ ಎಲೆ ಹಾಸಿದಳು. ನಡುಮನೆಯ ಬುದ್ಧನ ಮುಂದೆ ಮೀನು ಇಡಲು ಅವಳಿಗೆ ಮನಸ್ಸಾಗಲಿಲ್ಲ. ಮುದ್ದೆ, ಹುರುಳಿ ಸಾರು, ಸುಟ್ಟ ಉಪ್ಪುಮೀನು, ಎಲೆಅಡಿಕೆ. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು ಎಂಬ ವಾಡಿಕೆಯಂತೆ ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಅಷ್ಟರಲ್ಲಿ ನಟರಾಜು ಬೈಕಿನಿಂದ ಇಳಿದ. ಮೀನಿನ ವಾಸನೆಯೇ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟಿತು. ನೇರ ಬಾಗಿಲಿಗೆ ಕೈ ಚಾಚಿದ.

"ಬಾಗ್ಲು ತಗೀಬ್ಯಾಡ ಕಣ್ಲಾ. ನಿಮ್ಮಜ್ಜಿ ಉಣ್ತಾವ್ಳೆ."

"ಸತ್ತೋರು ಬಂದು ಉಣ್ತಾರೇನವ್ವ? ಭಂತೇಜಿ ಮುಂದೆ ಏನಂದಿದ್ದೆ ನೀನು?"

"ಬರಾಕಿಲ್ಲ ಅಂತ ನಂಗೂ ಗೊತ್ತು ಕಣ. ನೀನು ಹೊಳೆನರಸೀಪುರದ ಆಸ್ಟ್ಲಲ್ಲಿದ್ದಾಗ ಶನಿವಾರ ಶನಿವಾರ ನಿಮ್ಮಜ್ಜಿ ನಿಂಗೂ ಒಂದು ಮುದ್ದೆ ತಗ್ದು ಮುಚ್ಚಿಕ್ತಿದ್ಲು. ವಾರ್ಡನ್ನು ಬಿಡಾಕಿಲ್ಲ, ನೀನು ಬರಾಕಿಲ್ಲ ಅಂತ ಅವ್ಳಿಗೇನು ಗೊತ್ತಿರ್ನಿಲ್ವಾ?"

ಬಾಗಿಲಿಗೆ ಚಾಚಿದ್ದ ಕೈ ಅಲ್ಲೇ ನಿಂತಿತು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಎಷ್ಟೊತ್ತು?" ಎಂದ.

"ಹಲ್ಲಿಲ್ದ ಮುದ್ಕಿ. ಆತ್ರ ಮಾಡ್ಬ್ಯಾಡ" ಎಂದಳು ಮಾಯಮ್ಮ.

ನನಗೆ ನಗು ತಡೆಯಲಾಗಲಿಲ್ಲ; ಅವನಿಗೂ. ಸತ್ತವರು ಬರುವುದಿಲ್ಲ ಎಂದು ನಂಬಿದವನು ನಾನು, ಇವತ್ತಿಗೂ ನಂಬುತ್ತೇನೆ. ಆದರೆ ಆ ಮುಚ್ಚಿದ ಬಾಗಿಲ ಹೊರಗೆ ಕೂತಾಗ ನೆನೆದಷ್ಟು ನನ್ನವ್ವನನ್ನು, ಅವಳು ಒಳಗೇ ಇದ್ದ ಕಾಲದಲ್ಲಿ ನಾನು ನೆನೆದಿರಲಿಲ್ಲ.

ಬಾಗಿಲು ತೆಗೆದು ಎಲ್ಲರೂ ಊಟಕ್ಕೆ ಕೂತೆವು.

"ಎಡೆ ಅಂತ ಉಣ್ಣಲ್ಲ, ಊಟ ಅಂತ ಉಣ್ತೀನಿ" ಎಂದ ನಟರಾಜು.

"ಏನಾರಾ ಅನ್ಕೊ, ಮುಳ್ಳು ನೋಡ್ಕಂಡು ತಿನ್ನು."

"ದೀಕ್ಷೆ ಮಾತಿಗೆ ತಪ್ಪಿದ್ದಂತೂ ನಿಜ ತಾನೇ ಅವ್ವ?"

ಮಾಯಮ್ಮ ಸಾರು ಬಡಿಸುತ್ತಿದ್ದ ಸೌಟು ನಿಲ್ಲಿಸಿದಳು. "ನಿಜ ಕಣ. ಭಾನ್ವಾರ ಹಾಸ್ನದ ಬುದ್ಧ ವಿಹಾರಕ್ಕೆ ಬಸ್ಸತ್ತಿ ಬತ್ತೀನಿ. ಭಂತೇಜಿಗೆ ನಾನೇ ಯೋಳ್ತೀನಿ. ಬೈದ್ರೆ ಬೈಸ್ಕತೀನಿ."

ನಟರಾಜು ತಲೆ ಎತ್ತದೆ ಮೀನಿನ ಮುಳ್ಳು ಬಿಡಿಸುತ್ತಾ, "ಬಸ್ಸಿಗೆ ಬರಬ್ಯಾಡ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದ.